ಕಂಪೆನಿ ಕಡೆಗೆ ಎಂಟು ಕೋವಿ

ಸಂಪಾಜೆಯ ಗಂಡಸರೆಲ್ಲ ವೀರರ ವಂಶದವರೇ. ಈ ವಿಷಯದಲ್ಲಿ ಊರಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆ ಗಂಡಸರಿಗಂತೂ ಮೊದಲೇ ಇರಲಿಲ್ಲ. ಸಾವಿರದ ಒಂಬೈನೂರ ಐವತ್ತೇಳರ ಡಿಸೆಂಬರಿನ ಒಂದು ಭಾನುವಾರ ಶಾಲೆಯ ಜಗಲಿಯಲ್ಲಿ ಸೇರಿದ ಸಭೆ ಒಂದು ಹೆಜ್ಜೆಯೂ ಮುಂದೆ ಹೋಗದೆ ಕೂತದ್ದು ಇದೇ ಕಾರಣಕ್ಕೆ.

ಸಂಗತಿ ಇಷ್ಟು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ದಾಟಿತ್ತು. ಬರುವ ಗಣರಾಜ್ಯೋತ್ಸವಕ್ಕೆ ಮಡಿಕೇರಿಯಿಂದ ದೊಡ್ಡ ಅಧಿಕಾರಿಯೊಬ್ಬರು ಸಂಪಾಜೆಗೆ ಬರುವವರಿದ್ದರು. ಅವರ ಮುಂದೆ ಬರೇ ಬಾವುಟ ಏರಿಸಿ, ಮಕ್ಕಳಿಂದ ಹಾಡಿಸಿ, ಪೆಪ್ಪರಮಿಂಟು ಹಂಚಿ ಕಳಿಸಿದರೆ ಊರಿನ ಮರ್ಯಾದೆ ಏನಾಗಬೇಕು? ನೂರಿಪ್ಪತ್ತು ವರ್ಷದ ಹಿಂದೆ ಕಂಪೆನಿ ಸರಕಾರದ ಮೇಲೆ ಎದ್ದ ರೈತರ ದಂಡು ಈ ಸೀಮೆಯವರನ್ನು ಕೂಡಿಕೊಂಡೇ ಘಟ್ಟ ಇಳಿದು ಮಂಗಳೂರಿನ ತನಕ ಹೋಗಿತ್ತು. ಅದರ ಒಂದು ಕಾಳಗವನ್ನು ಕೊಯ್ಲಾದ ಗದ್ದೆಯಲ್ಲಿ, ಮನೆಮನೆಯ ಕೇಪಿನ ಕೋವಿ ತಂದು, ಸೀಸದ ಚಿಲ್ಲು ಹಾಕದೆ ಬರೇ ಮದ್ದು ತುಂಬಿ ಹಾರಿಸಿ ತೋರಿಸುವುದೆಂದು ಹವಾಲ್ದಾರ್ ದೇರಪ್ಪ ಹೇಳಿದರು. ದೇರಪ್ಪ ಬರ್ಮಾದ ಯುದ್ಧದಲ್ಲಿ ಎಡಗಾಲಿಗೆ ಪೆಟ್ಟು ತಿಂದು ಬಂದ ಮನುಷ್ಯ. ಮನೆಯಲ್ಲಿ ಕಾಫಿ ಕೇಳುವಾಗಲೂ ಆರ್ಡರು ಕೊಟ್ಟ ಹಾಗೆಯೇ ಕೇಳುತ್ತಾರೆಂದು ಅವರ ಹೆಂಡತಿಯ ದೂರು.

ರೈತರ ದಂಡಿಗೆ ಯಾರೆಲ್ಲ ಬರುತ್ತೀರಿ ಎಂದು ಅವರು ಕೇಳಿದಾಗ ಜಗಲಿಯಲ್ಲಿದ್ದ ಅಷ್ಟೂ ಕೈಗಳು ಮೇಲೆದ್ದವು. ಕಂಪೆನಿ ಸಿಪಾಯಿಗಳ ಕಡೆಗೆ ಯಾರು ಎಂದಾಗ ಅಷ್ಟೂ ಕೈಗಳು ಕೆಳಗಿಳಿದವು. ಒಬ್ಬನ ಮುತ್ತಜ್ಜ ದಂಡಿನಲ್ಲಿದ್ದನಂತೆ. ಇನ್ನೊಬ್ಬನ ಮುತ್ತಜ್ಜನ ಅಣ್ಣ ಇದ್ದನಂತೆ. ಮೂರನೆಯವನ ಮನೆಯಲ್ಲಿ ದಂಡಿಗೆ ಅನ್ನ ಬೇಯಿಸಿ ಹಾಕಿದ್ದರಂತೆ. ಮೊಮ್ಮಕ್ಕಳು ಈಗ ಕಂಪೆನಿಯ ಕೆಂಪು ಕೋಟು ತೊಟ್ಟು ನಿಂತರೆ ಮನೆಯ ಹಿರಿಯರು, ಆ ಗುರುಕಾರ್ನೋರು, ಸುಮ್ಮನೆ ಬಿಟ್ಟಾರೆಯೆ? ವರ್ಷಕ್ಕೊಮ್ಮೆ ಎಡೆ ಇಟ್ಟು ಕೈಮುಗಿಯುವವರನ್ನು ಎದುರು ಹಾಕಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ವೈರಿಯೇ ಇಲ್ಲದೆ ಯುದ್ಧ ಗೆಲ್ಲುವುದು ಹೇಗೆಂದು ದೇರಪ್ಪ ಎರಡು ಸಲ ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು.

ಆಗ ಬಾಗಿಲ ಬಳಿ ಬೆಲ್ಲದ ಕಾಫಿಯ ಚೊಂಬು ಹಿಡಿದು ನಿಂತಿದ್ದ ಬೊಳ್ಳಮ್ಮ ಹೇಳಿದಳು: "ಕಂಪೆನಿ ಕಡೆಗೆ ನಾ ಬನ್ನೆ. ನಂಗೆ ಕೋವಿ ಉಟ್ಟು."

ಹೆಂಗಸೊಬ್ಬಳು ಮನೆಯ ಕೋವಿ ಹಿಡಿದು ಬರುತ್ತೇನೆಂದದ್ದಕ್ಕೆ ಮೊದಲು ನಗು ಎದ್ದಿತು. ಆಮೇಲೆ ಎಲ್ಲರೂ ನಾಣಯ್ಯನ ಮುಖ ನೋಡಿದರು, ಯಾಕೆಂದರೆ ನಾಣಯ್ಯ ಅವಳ ಬಾವ, ಸತ್ತುಹೋದ ಗಂಡನ ಅಣ್ಣ. ಅಷ್ಟೇ ಅಲ್ಲ, ರೈತರ ದಂಡಿನ ಮುಂದಾಳು ತಾನೇ ಎಂದು ಅವನು ಸಭೆಗೆ ಮೊದಲೇ ಹೇಳಿಕೊಂಡು ಬಂದಿದ್ದ.

"ಅದ್ರ ಹಾರ್ಸಿಕೆ ಗೊತ್ತುಟ್ಟಾ ನಿಂಗೆ?" ಎಂದ ನಾಣಯ್ಯ.

"ಗೊತ್ತಿಲ್ಲೆ. ಅದ್ಕೇ ಬಾದು."

ಕಲಿತರೆ ಆಯಿತು, ತಾನು ಹೇಳಿಕೊಡುತ್ತೇನೆ ಎಂದು ದೇರಪ್ಪ ಪಟ್ಟಿಯಲ್ಲಿ ಅವಳ ಹೆಸರು ಬರೆದೇಬಿಟ್ಟರು. ಸಿಕ್ಕಿದ ಒಬ್ಬ ವೈರಿಯನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಬೊಳ್ಳಮ್ಮನಿಗೆ ನಲವತ್ತನಾಲ್ಕು ವರ್ಷ. ಮನೆಯಲ್ಲಿ ಅವಳೂ ಮಗಳು ಯಮುನಳೂ ಇಬ್ಬರೇ. ಗಂಡುಮಕ್ಕಳಿಲ್ಲ. ನಡುಮನೆಯ ಗೋಡೆಯಲ್ಲಿ, ಜಿಂಕೆಯ ಕೊಂಬಿನ ಮೇಲೆ, ಗಂಡ ಪದ್ಮಯ್ಯನ ಕೇಪಿನ ಕೋವಿ ಮಲಗಿತ್ತು. ಅವಳು ಹಾಗೆ ಎದ್ದು ನಿಂತು ಹೇಳಿದ್ದಕ್ಕೆ ಕಾರಣ ಆ ಕೋವಿ. ಅದನ್ನು ಹೇಳಬೇಕಾದರೆ ಪದ್ಮಯ್ಯ ಸತ್ತ ದಿನದ ಮಾತು ಹೇಳಬೇಕು.

ಈ ಕಡೆ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಒಂದರ ಬೆನ್ನಿಗೆ ಒಂದು, ಎರಡು ಗುಂಡು ಹೊಡೆಯುತ್ತಾರೆ. ಓಲೆ ಬೇಡ, ಆಳು ಬೇಡ. ಜೋಡಿ ಗುಂಡು ಕೇಳಿದವರು ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು, ತಲೆಗೆ ಬಟ್ಟೆ ಹಾಕಿಕೊಂಡು, ಅಕ್ಕಿ ತೆಂಗಿನಕಾಯಿ ಹಿಡಿದು ಸದ್ದು ಬಂದ ದಿಕ್ಕಿಗೆ ಹೊರಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದೇ ಗುಂಡು. ಅದನ್ನು ಕೇಳಿದವರು ಬೆಲ್ಲ ಹಿಡಿದು ಹೊರಡುತ್ತಾರೆ. ಹೆಣ್ಣು ಹುಟ್ಟಿದರೆ ಕೋವಿ ಮಾತಾಡುವುದಿಲ್ಲ. ಸಂಪಾಜೆಯ ಮುದುಕರು ಸದ್ದು ಕೇಳಿಯೇ ಇದು ಇಂಥವರ ಮನೆಯ ಕೋವಿ ಎಂದು ಹೇಳಬಲ್ಲರು.

ಮೂರು ವರ್ಷದ ಹಿಂದೆ, ಆಟಿ ತಿಂಗಳ ಮಳೆಯಲ್ಲಿ, ಪದ್ಮಯ್ಯ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟ. ನಾಣಯ್ಯ ಮಕ್ಕಳ ಜೊತೆ ಸುಳ್ಯಕ್ಕೆ ಹೋಗಿದ್ದ. ಬೊಳ್ಳಮ್ಮ ಕೋವಿ ಇಳಿಸಿಕೊಂಡು ಅಂಗಳಕ್ಕೆ ಬಂದಳು. ಆದರೆ ಮದ್ದು ಎಷ್ಟು ಹಾಕಬೇಕು, ಕೇಪು ಎಲ್ಲಿ ಕೂರಿಸಬೇಕು, ಒಂದೂ ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಕೋವಿಯ ಧೂಳು ಒರೆಸಿದವಳು ಅವಳೇ, ಹಬ್ಬದ ದಿನ ಅದಕ್ಕೆ ಹೂ ಮುಡಿಸಿದವಳೂ ಅವಳೇ. ಅದನ್ನು ಹಾರಿಸುವ ಕ್ರಮ ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಳೆಯಲ್ಲಿ ನೆನೆಯುತ್ತ ಅಷ್ಟು ಹೊತ್ತು ನಿಂತು ಒಳಗೆ ಬಂದಳು. ಪಕ್ಕದ ಮನೆಯ ಪ್ರೇಮಾವತಿ ಮಜ್ಜಿಗೆ ಕೇಳಲು ಬಂದಾಗಲೇ ಸಾವು ಹೊರಗೆ ಗೊತ್ತಾದದ್ದು. ಗುಡ್ಡದಾಚೆ ಚೆಂಬು ಕಡೆಯ ಅವಳ ತವರಿಗೆ ಸುದ್ದಿ ತಲುಪಿದ್ದು ಮೂರನೇ ದಿನ, ಬೂದಿ ಆರಿದ ಮೇಲೆ. ಎರಡು ಗುಂಡಿಲ್ಲದೆ, ಕಳ್ಳನ ಹಾಗೆ ಗಂಡನನ್ನು ಕಳಿಸಿದೆನಲ್ಲ ಎಂಬ ಸಂಕಟ ಅವಳನ್ನು ಅಂದಿನಿಂದ ಬಿಟ್ಟಿರಲಿಲ್ಲ.

ನಾಣಯ್ಯನಿಗೂ ಅದೇ ಸಿಟ್ಟು. ಆದರೆ ಅವನ ಸಿಟ್ಟು ಬೇರೆ ದಾರಿ ಹಿಡಿಯಿತು. ತನ್ನ ಯಜಮಾನನಿಗೇ ಮಾತಾಡದ ಕೋವಿ ಹೆಂಗಸರ ಮನೆಯಲ್ಲಿ ಇದ್ದು ಏನು ಪ್ರಯೋಜನ ಎಂದ. ಮೊದಲ ಕಂತಾಗಿ ಕಾಟಿಯ ಕೊಂಬಿನ ಮದ್ದಿನ ಬುರುಡೆ ಅವನ ಮನೆ ಸೇರಿತು. ಕೋವಿಯನ್ನೂ ಒಯ್ಯುತ್ತೇನೆಂದು ಹಬ್ಬಕ್ಕೊಮ್ಮೆ ಹೇಳುತ್ತಿದ್ದವನು ಈ ಸಲ ಗಟ್ಟಿ ಮಾಡಿಕೊಂಡಿದ್ದ: ದಂಡಿನ ಮುಂದಾಳಿಗೆ ಅಜ್ಜನ ಕಾಲದ ಕೋವಿಯೇ ಆಗಬೇಕು, ಆಮೇಲೆ ಅದು ತನ್ನ ಮನೆಯಲ್ಲೇ ಇರಲಿ. ಹಾಗಾಗಿಯೇ ಬೊಳ್ಳಮ್ಮ ಅಂದು ಬಾಗಿಲ ಬಳಿ ಬಾಯಿ ತೆರೆದದ್ದು. ಕಾಳಗಕ್ಕೆ ಬರುವವರು ತಮ್ಮ ಮನೆಯ ಕೋವಿ ತಮ್ಮ ಕೈಯಲ್ಲೇ ತರಬೇಕೆಂದು ದೇರಪ್ಪ ಆಗ ತಾನೇ ಹೇಳಿ ಮುಗಿಸಿದ್ದರು.

ಸಂಜೆ ನಾಣಯ್ಯ ಮನೆಗೇ ಬಂದ. ಜಗಲಿಯಲ್ಲಿ ಕೂರಲಿಲ್ಲ, ನೀರೂ ಕುಡಿಯಲಿಲ್ಲ.

"ಆ ದಿನ ಎಲ್ಲರ ಎದ್ರು ಹಾರ್ಸಿ ತೋರ್ಸು," ಎಂದ. "ಹಾರದಿದ್ದರೆ ಅಂದೇ ಸಂಜೆ ಕೋವಿ ನಮ್ಮ ಮನೆಗೆ. ಮತ್ತೆ ಮಾತಿಲ್ಲೆ."

ಬೊಳ್ಳಮ್ಮ ಆಗಲಿ ಎಂದಳು. ಬೇರೇನು ಹೇಳುವುದು? ಅವನು ಹೋದ ಮೇಲೆ ತೂಗುದೀಪ ಹಚ್ಚಿ ಹಿರಿಯರಿಗೆ ಕೈಮುಗಿದು ವಿಷಯ ತಿಳಿಸಿದಳು: ಕೆಂಪು ಕೋಟು ತೊಡುತ್ತಿರುವುದು ಕೋವಿ ಕಲಿಯಲಿಕ್ಕೆ, ನಿಮ್ಮ ಮೇಲಿನ ಸಿಟ್ಟಿಗಲ್ಲ, ಸೋಲುವುದಂತೂ ಸೋಲುತ್ತೇನೆ, ಮಾತು ಕೊಡುತ್ತೇನೆ. ಹಿರಿಯರು ಬೇಡವೆನ್ನಲಿಲ್ಲ. ದೀಪವೂ ಆರಲಿಲ್ಲ. ಅಷ್ಟು ಸಾಕೆಂದುಕೊಂಡಳು.

ಒಬ್ಬಳು ಹೊರಟದ್ದೇ ತಡ, ಇನ್ನೊಬ್ಬಳು ಬಂದಳು. ಪ್ರೇಮಾವತಿಗೆ ಗಂಡನ ಕೋವಿ ಹಿಡಿಯಬೇಕೆಂಬ ಆಸೆ ಹಳೆಯದು. ಆ ಗಂಡನ ಕಡೆಗೇ ಗುರಿ ಇಡುವ ಅವಕಾಶ ಸಿಕ್ಕಿದ್ದು ಈಗ. ಸುಮಿತ್ರಮ್ಮ ಬಂದರು, ಅರುವತ್ತು ದಾಟಿದವರು, ಸೊಸೆಯ ಜೊತೆ. ಕೊನೆಗೆ ಎಂಟು ಕೋವಿಗೆ ಎಂಟು ಹೆಂಗಸರಾದರು. ಹೆಂಗಸರು ಕಂಪೆನಿಯ ಕಡೆಯಾದರೆ ಹಿರಿಯರ ಅಡ್ಡಿಯಿಲ್ಲವೆಂದು ಗಂಡಸರು ತಮ್ಮೊಳಗೇ ತೀರ್ಮಾನ ಮಾಡಿಕೊಂಡರು. ಸೋಲುವ ಕೆಲಸ ತಾನೆ, ಅದಕ್ಕೆ ಹೆಂಗಸರೇ ಸರಿ ಎಂದು ಹೋಟೆಲಿನ ಬೆಂಚಿನಲ್ಲಿ ನಕ್ಕರು. ಆ ನಗು ಬೊಳ್ಳಮ್ಮನ ಕಿವಿಗೂ ಬಿತ್ತು. ಅವಳು ಅದನ್ನು ಒಂದು ಕಡೆ ಎತ್ತಿಟ್ಟುಕೊಂಡಳು.

ಕಾಫಿ ಪಿಕ್ಕಿಂಗಿನ ದಿನಗಳು. ಬೆಳಗಿನಿಂದ ತೋಟದಲ್ಲಿ ಹಣ್ಣು ಕೊಯ್ದು, ಸಂಜೆ ನಾಲ್ಕಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಟು ಮಂದಿ ಗದ್ದೆಗೆ ಬರುತ್ತಿದ್ದರು. ಮೊದಲ ದಿನ ದೇರಪ್ಪ ಬರೇ ನಿಲ್ಲುವುದು ಕಲಿಸಿದರು. ಎರಡನೇ ದಿನವೂ ನಿಲ್ಲುವುದೇ. ನಿಲ್ಲಲಿಕ್ಕೆ ನಮಗೆ ಬರುವುದಿಲ್ಲವೇ, ಹುಟ್ಟಿದಾಗಿನಿಂದ ಒಲೆ ಮುಂದೆ ನಿಂತೇ ಇದ್ದೇವಲ್ಲ ಎಂದು ಪ್ರೇಮಾವತಿ ಗೊಣಗಿದಳು. ಮೂರನೇ ದಿನ ಕೋವಿ. ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಗಜದ ಕಡ್ಡಿಯಿಂದ ಕುಟ್ಟಬೇಕು, ಕೋವಿಯ ಕುದುರೆ ಹಿಂದಕ್ಕೆ ಎಳೆದು ಕಿಡಿ ಹೊತ್ತಿಸುವ ಕೇಪು ಕೂರಿಸಬೇಕು, ಮೂತಿ ಆಕಾಶಕ್ಕೆ ಎತ್ತಬೇಕು. ಬೊಳ್ಳಮ್ಮನ ಮೊದಲ ಗುಂಡು ಹಾರಿದಾಗ ಹಿಡಿ ಹೆಗಲಿಗೆ ಒದ್ದು ಅವಳು ಕೂಳೆಯ ಮೇಲೆ ಕೂತೇಬಿಟ್ಟಳು. ಕೂತಲ್ಲೇ ಅತ್ತಳು. ನೋವಿಗೆಂದು ಉಳಿದವರು ತಿಳಿದರು. ಇಷ್ಟೇ ಇಷ್ಟು ಕೆಲಸವಾಗಿತ್ತಲ್ಲ, ಅಂದು ಇಷ್ಟು ಗೊತ್ತಿದ್ದರೆ ಸಾಕಿತ್ತಲ್ಲ ಎಂದು ಅವಳು ಅತ್ತದ್ದು.

ಆಮೇಲೆ ಅವಳು ಕೂರಲಿಲ್ಲ.

ದೇರಪ್ಪ ಒಂದು ಮಾತನ್ನು ದಿನವೂ ಹೇಳುತ್ತಿದ್ದರು: "ಹೊಡೆದ್ರೆ ಎಲ್ಲ ಒಟ್ಟಿಗೆ ಹೊಡಿಯೊಕು. ಇಲ್ಲದಿದ್ರೆ ಒಂದೊಂದೇ, ನಿಧಾನಕ್ಕೆ. ಎರಡ್ ಮಾತ್ರ ಬೇಡ." ಕಾರಣ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಹತ್ತಿರದ ಮನೆಗಳಿಗೆ ಕಾಳಗದ ಸುದ್ದಿ ಹೇಳಿ ಕಳಿಸಿದ್ದರು. ಗುಡ್ಡದಾಚೆಗೆ ಹೇಳಿರಲಿಲ್ಲ. ಅಷ್ಟು ದೂರ ಯಾಕೆ ಎಂದುಕೊಂಡರು.

ತಿಂಗಳಾಗುವಷ್ಟರಲ್ಲಿ ಎಂಟು ಕೋವಿ ಒಂದೇ ಸದ್ದಾಗಿ ಹಾರತೊಡಗಿದವು. ದೇರಪ್ಪ ತಲೆಯಾಡಿಸಿದರು, ಅವರು ಇದಕ್ಕಿಂತ ಹೆಚ್ಚು ಹೊಗಳಿದ್ದು ಯಾರಿಗೂ ನೆನಪಿಲ್ಲ. ರೈತರ ದಂಡಿನ ಇಪ್ಪತ್ತು ಮಂದಿ ಗಂಡಸರು ಮಾತ್ರ ಡ್ರಿಲ್ಲಿಗೆ ಬಂದದ್ದು ಒಂದೇ ದಿನ. ಹಂದಿ ಬೇಟೆಯಾಡುವವರಿಗೆ ಕೋವಿ ಹಿಡಿಯುವ ಪಾಠ ಬೇಕೆ ಎಂದು ನಾಣಯ್ಯ ಕೇಳಿದ. ಅವನ ಇಬ್ಬರು ಮಕ್ಕಳು ಅದನ್ನೇ ಇನ್ನೂ ಜೋರಾಗಿ ಕೇಳಿದರು.

ಹೀಗೆ ಜನವರಿ ಇಪ್ಪತ್ತಾರು ಬಂತು. ಹಿಂದಿನ ಸಂಜೆ ದಂಡಿನವರು ಉತ್ಸಾಹದಲ್ಲಿ ಆಗಲೇ ಕೋವಿಗೆ ಮದ್ದು ತುಂಬಿ, ಬೆಳಿಗ್ಗೆ ಕೈಗೆ ಸಿಗಲೆಂದು ಗದ್ದೆಯಂಚಿನ ಹುಲ್ಲುಮೆದೆಗೆ ಸಾಲಾಗಿ ಒರಗಿಸಿ, ಒಬ್ಬನನ್ನು ಕಾವಲಿಗಿಟ್ಟು ಮನೆಗೆ ಹೋಗಿದ್ದರು. ಜನವರಿಯ ಇಬ್ಬನಿ ಕಾವಲುಗಾರನ ಅಪ್ಪಣೆ ಕೇಳಿ ಬೀಳುವುದಿಲ್ಲ. ಹೆಂಗಸರು ಮದ್ದಿನ ಗಂಟನ್ನು ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಒಣಗಿಸುವ ಜಾಗದಲ್ಲಿ ಇಟ್ಟಿದ್ದರು. ಹೊಗೆಯಲ್ಲಿ ಏಲಕ್ಕಿ ಕಾಪಾಡುವವರಿಗೆ ತೇವದ ಬುದ್ಧಿ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಗದ್ದೆಗೆ ಬಂದ ಮೇಲೆಯೇ ಅವರು ಕೋವಿ ತುಂಬಿದ್ದು.

ಹತ್ತು ಗಂಟೆಗೆ ಅಧಿಕಾರಿಗಳ ಜೀಪು ಬಂತು. ಬಾವುಟ ಏರಿತು. ಗದ್ದೆಯ ಸುತ್ತ ಐನೂರು ಜನವಾದರೂ ಇದ್ದರು. ಸೀರೆಯ ಮೇಲೆ ಕೆಂಪು ಕೋಟು ತೊಟ್ಟು ಎಂಟು ಹೆಂಗಸರು ಸಾಲಾಗಿ ನಡೆದು ಬಂದಾಗ ನಗು ಎದ್ದದ್ದು ನಿಜ. ಹೊಲಿದವನು ಗಂಡಸರ ಅಳತೆಗೇ ಹೊಲಿದಿದ್ದರಿಂದ ಸುಮಿತ್ರಮ್ಮನ ಕೋಟು ಮೊಣಕಾಲು ಮುಟ್ಟುತ್ತಿತ್ತು. ಆದರೆ ದೇರಪ್ಪನ ಸೀಟಿಗೆ ಎಂಟೂ ಮಂದಿ ಒಂದೇ ಹೆಜ್ಜೆಗೆ ನಿಂತಾಗ ನಗು ಅರ್ಧಕ್ಕೇ ನಿಂತಿತು. ಬೊಳ್ಳಮ್ಮ ಸಾಲಿನ ಬಲತುದಿಯಲ್ಲಿದ್ದಳು. ಗುಂಪಿನಲ್ಲಿ ಯಮುನ ಕೈಯೆತ್ತಿದ್ದು ಕಂಡರೂ ನೋಡದ ಹಾಗೆ ನಿಂತಳು. ಸಿಪಾಯಿ ಅತ್ತಿತ್ತ ನೋಡಬಾರದು.

ಕ್ರಮ ಹೀಗಿತ್ತು: ದಂಡಿನವರು ಗುಡ್ಡದ ಬದಿಯಿಂದ ಬಂದು ಇಪ್ಪತ್ತೂ ಕೋವಿ ಒಟ್ಟಿಗೆ ಹಾರಿಸಬೇಕು. ಕಂಪೆನಿಯವರು ಮರಳಿ ಒಂದು ಸಲ ಹಾರಿಸಬೇಕು, ಮತ್ತೆ ತುಂಬಿಕೊಳ್ಳಬೇಕು. ಅಷ್ಟರಲ್ಲಿ ದಂಡು ನುಗ್ಗಬೇಕು. ಕಂಪೆನಿಯವರು ಎರಡನೇ ಸಲ ಹಾರಿಸಿ, ಹಿಂಜರಿದು, ಬೀಳಬೇಕು.

ನಾಣಯ್ಯ ಎತ್ತರದ ಬದುವಿನ ಮೇಲೆ ನಿಂತು ಬೇರೆ ಮನೆಯಿಂದ ತಂದ ಕೋವಿ ಎತ್ತಿ ಕೂಗಿದ. ಒಟ್ಟು ಇಪ್ಪತ್ತು ಕೋವಿಯ ಕುದುರೆ ಬಿತ್ತು. ಹದಿನೆಂಟು ಟಿಕ್ ಟಿಕ್ ಎಂದವು. ಹಾರಿದ್ದು ಎರಡೇ. ಒಂದರ ಬೆನ್ನಿಗೆ ಒಂದು.

ಅಧಿಕಾರಿಗಳಿಗೆ ಅರ್ಥವಾಗಲಿಲ್ಲ, ಉಳಿದವರಿಗೆಲ್ಲ ಆಯಿತು. ಮುದುಕಿಯರು ಅಭ್ಯಾಸದಿಂದ ತಲೆಗೆ ಸೆರಗು ಎಳೆದುಕೊಂಡರು. ಆ ಎರಡು ಗುಂಡಿನ ಸದ್ದು ಗುಡ್ಡಕ್ಕೆ ಬಡಿದು, ಮರಳಿ ಬಂದು, ಗುಡ್ಡ ದಾಟಿಯೂ ಹೋಯಿತು.

ದೇರಪ್ಪ ಹಲ್ಲು ಕಚ್ಚಿ ಸೀಟಿ ಊದಿದರು. ಬೊಳ್ಳಮ್ಮ ಬೆರಳು ಒತ್ತಿದಳು. ಎಂಟೂ ಕೋವಿ ಒಂದೇ ಸದ್ದಿನಲ್ಲಿ ಹಾರಿದವು. ಘಾಟಿ ರಸ್ತೆಯಲ್ಲಿ ಬಂಡೆ ಸಿಡಿಸಿದ ಹಾಗೆ ಗದ್ದೆ ನಡುಗಿತು. ಪದ್ಮಯ್ಯನ ಕೋವಿಯ ಒದೆತ ಹೆಗಲಿಗೆ ತಾಗಿದಾಗ ಬೊಳ್ಳಮ್ಮನಿಗೆ ಆದ ಸಂತೋಷ ಇಷ್ಟೆಂದು ಹೇಳಲಾಗದು. ಹಾರಿತು, ಎಲ್ಲರ ಎದುರು ಹಾರಿತು. ಇನ್ನು ಏನೇ ಆಗಲಿ.

ಆದದ್ದು ಏನೆಂದರೆ, ಹೊಗೆ ತೆಳುವಾದಾಗ ದಂಡೇ ಕಾಣಲಿಲ್ಲ. ಆ ಸದ್ದಿಗೆ ಅರ್ಧ ವೀರರು ಕೂಳೆಯಲ್ಲಿ ಬೋರಲು ಬಿದ್ದಿದ್ದರು. ಉಳಿದವರು ಬದುವಿನ ಆಚೆಗೆ ಹಾರಿದ್ದರು. ನಾಣಯ್ಯನ ಮಕ್ಕಳಿಬ್ಬರೂ ಆಚೆಗೆ ಹಾರಿದವರ ಪೈಕಿ. ನಾಣಯ್ಯ ಒಬ್ಬನೇ ನಿಂತಲ್ಲೇ ನಿಂತಿದ್ದ. ಅಷ್ಟು ಮರ್ಯಾದೆ ಅವನಿಗೆ ಸಲ್ಲಬೇಕು. ಹಾರದ ಕೋವಿಯನ್ನು ಕೈಯಲ್ಲಿ ಹಿಡಿದು, ಮುಂದೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ನಿಂತಿದ್ದ. ಹೆಂಗಸರು ಕಲಿತ ಪ್ರಕಾರ ಎರಡನೇ ಸಲ ತುಂಬಿ ಕೇಪು ಕೂರಿಸಿಯೂ ಆಗಿತ್ತು. ಯಾರೂ ನುಗ್ಗಿ ಬರಲಿಲ್ಲ. ಕಂಪೆನಿ ಸರಕಾರ ಯುದ್ಧ ಗೆದ್ದು ನಿಂತುಬಿಟ್ಟಿತ್ತು.

ಪ್ರೇಮಾವತಿ ಪಕ್ಕದಿಂದ ಪಿಸುಗುಟ್ಟಿದಳು, ಇನ್ನೊಂದು ಹೊಡೆದರೆ ಗಂಡಸರು ಘಟ್ಟ ಇಳಿದು ಸುಳ್ಯ ಸೇರುತ್ತಾರೆ, ಹೊಡೆಯೋಣವೆ ಎಂದು. ಬೊಳ್ಳಮ್ಮನಿಗೂ ಒಂದು ಗಳಿಗೆ ಆಸೆಯಾಯಿತು. ಹೋಟೆಲಿನ ಬೆಂಚಿನ ನಗು ಎತ್ತಿಟ್ಟದ್ದು ಅಲ್ಲೇ ಇತ್ತು. ಆದರೆ ದೀಪದ ಮುಂದೆ ಕೊಟ್ಟ ಮಾತೂ ಇತ್ತು. ಬದುವಿನ ಮೇಲೆ ನಿಂತ ನಾಣಯ್ಯನ ಮುಖ ನೋಡಿದಳು. ಮಳೆಯಲ್ಲಿ ಹಾರದ ಕೋವಿ ಹಿಡಿದು ಅಂಗಳದಲ್ಲಿ ನಿಂತವಳಿಗೆ ಆ ಮುಖದ ಕಷ್ಟ ತಿಳಿಯದೆ ಹೋಗುತ್ತದೆಯೆ?

"ಬೀಳೊಕು," ಎಂದಳು ಮೆಲ್ಲಗೆ. "ಎಲ್ಲ ಒಟ್ಟಿಗೆ."

ಎಂಟು ಮಂದಿ ಕೋವಿಯ ಮೂತಿ ಹೊರಕ್ಕೆ ಮಾಡಿ, ಕುದುರೆ ಜಾರದ ಹಾಗೆ ಹಿಡಿದು, ಯಾರೂ ಮುಟ್ಟದೆಯೇ ಒಟ್ಟಿಗೆ ಸತ್ತರು. ಸುಮಿತ್ರಮ್ಮ ಸೊಂಟ ನೋಡಿಕೊಂಡು ಸ್ವಲ್ಪ ನಿಧಾನವಾಗಿ ಸತ್ತರು. ಆದರೂ ನಾಣಯ್ಯ ಅಲುಗಾಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಬೊಳ್ಳಮ್ಮ ಹೇಳಿದಳು: "ಬಾವ, ಮುಂದೆ ಬನ್ನಿ. ನಾವು ಸತ್ತಾತ್."

ಅವನು ಬಂದ. ಹಿಂದಿನಿಂದ ಒಬ್ಬೊಬ್ಬರಾಗಿ ದಂಡಿನವರೂ ಹುಲ್ಲು ಕೊಡವುತ್ತ ಬಂದರು. ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದ್ದೆಂದು ವಿಚಾರಿಸಲು ಯಾರೂ ಹೋಗಲಿಲ್ಲ. ಅಧಿಕಾರಿಗಳು ಭಾಷಣದಲ್ಲಿ ವೀರ ರೈತರನ್ನು ಹೊಗಳಿ, ಕಂಪೆನಿಯ ಸೈನ್ಯ ಬಹಳ ಚೆನ್ನಾಗಿ ಹೋರಾಡಿತೆಂದರು.

ಭಾಷಣ ಮುಗಿದು, ಕಾಫಿ ಅವಲಕ್ಕಿ ಹಂಚುವ ಹೊತ್ತಿಗೆ ಗುಡ್ಡದ ದಾರಿಯಲ್ಲಿ ಜನ ಕಾಣಿಸಿಕೊಂಡರು. ಹತ್ತು ಹನ್ನೆರಡು ಮಂದಿ, ತಲೆಗೆ ಬಟ್ಟೆ ಹಾಕಿದವರು, ಕೈಯಲ್ಲಿ ಅಕ್ಕಿಯ ಗಂಟು, ತೆಂಗಿನಕಾಯಿ. ಒಬ್ಬನ ಹೆಗಲಲ್ಲಿ ಮಡಿಸಿದ ಹೊಸ ಬಿಳಿ ಬಟ್ಟೆ. ಮುಂದೆ ಇಬ್ಬರ ಭುಜ ಹಿಡಿದು ಬರುತ್ತಿದ್ದ ಮುದುಕಿ ಬೊಳ್ಳಮ್ಮನ ಅವ್ವ ತಂಗಮ್ಮ.

ಜೋಡಿ ಗುಂಡು ಕೇಳಿ ಅವರು ಬಂದದ್ದು. ಅದರ ನಂತರ ಕೇಳಿದ ದೊಡ್ಡ ಸದ್ದನ್ನು ಘಾಟಿಯಲ್ಲಿ ಬಂಡೆ ಸಿಡಿಸಿದ್ದೆಂದು ಬಿಟ್ಟಿದ್ದರು. ಸಂಪಾಜೆಯ ದಿಕ್ಕೆಂದರೆ ತಂಗಮ್ಮನಿಗೆ ಮಗಳ ಮನೆಯ ದಿಕ್ಕು. ಹೋದ ಸಲ ಸುದ್ದಿಯಿಲ್ಲದೆ ಮೂರು ದಿನ ತಡವಾದವಳು ಈ ಸಲ ಚಪ್ಪಲಿಯನ್ನೂ ಹುಡುಕದೆ ಹೊರಟಿದ್ದಳು. ಕೆಂಪು ಕೋಟಿನಲ್ಲಿ ಅವಲಕ್ಕಿ ತಿನ್ನುತ್ತಿದ್ದ ಮಗಳನ್ನು ಕಂಡು ನಿಂತಳು. ಹತ್ತಿರ ಬಂದು ಅವಳ ಕೆನ್ನೆ ಮುಟ್ಟಿದಳು. ಆಮೇಲೆ ಆ ಕೆನ್ನೆಗೇ ಮೆಲ್ಲಗೆ ಒಂದು ಕೊಟ್ಟಳು. ಬೊಳ್ಳಮ್ಮ ಅವ್ವನನ್ನು ತಬ್ಬಿ ಹಿಡಿದಳು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು.

ಅಷ್ಟರಲ್ಲಿ ಯಾರೋ ಕೈ ತೋರಿಸಿದರು. ಎದುರಿನ ಇಳಿಜಾರಿನಲ್ಲಿಯೂ ಜನ. ಹೊಳೆಯಾಚೆಯ ಕಾಲುದಾರಿಯಲ್ಲಿ ಇನ್ನೊಂದು ಸಾಲು, ತಲೆಯ ಮೇಲೆ ಬಿಳಿಬಟ್ಟೆ. ಇಡೀ ಸೀಮೆ ಅಕ್ಕಿ ಕಟ್ಟಿಕೊಂಡು ಸಾವಿಗೆ ಹೊರಟಿತ್ತು, ಸತ್ತವರು ಯಾರೆಂದು ತಿಳಿಯದೆ. ದೇರಪ್ಪ ತಲೆಯ ಮೇಲೆ ಕೈ ಹೊತ್ತರು. ಕೂಗಿದರೆ ಕೇಳುವ ದೂರವಲ್ಲ. ಅವರಿಗೆ ತಿಳಿಸುವ ದಾರಿ ಒಂದೇ: ಒಂದು ಗುಂಡು. ಒಂದೇ ಒಂದು. ಅದರ ಅರ್ಥ ಎಲ್ಲರಿಗೂ ಗೊತ್ತು, ಸಾವಲ್ಲ, ಸಂತೋಷ.

ದಂಡಿನ ಕೋವಿಗಳಲ್ಲಿ ಹದಿನೆಂಟು ಒದ್ದೆ, ಎರಡು ಖಾಲಿ. ಹೆಂಗಸರ ಎಂಟರಲ್ಲಿಯೂ ಎರಡನೇ ಮದ್ದು ಹಾಗೇ ಇತ್ತು. ಪದ್ಮಯ್ಯನ ಕೋವಿ ಹಾರಲಿ ಎಂದು ಮುದುಕರೊಬ್ಬರು ಹೇಳಿದರು. ಅದರ ಸದ್ದು ಹೊಳೆಯಾಚೆಯವರಿಗೂ ಗುರುತುಂಟು. ನಾಣಯ್ಯ ಮುಂದೆ ಬಂದು ಕೈ ಚಾಚಿದ. ಸಂತೋಷದ ಗುಂಡನ್ನು ಮನೆಯ ಗಂಡಸು ಹೊಡೆಯುವುದು ಪದ್ಧತಿ. ಅವನಿಗೆ ಬೇರೆ ಯೋಚನೆಯೇ ಬಂದಿರಲಿಲ್ಲ. ಬೊಳ್ಳಮ್ಮನ ಕೈ ಕೋವಿಯ ಮೇಲೆ ಬಿಗಿಯಾಯಿತು.

ಮಾತಾಡಿದವಳು ತಂಗಮ್ಮ. "ನಾ ಇವ್ಳ ಹೆತ್ತ ದಿನ ಯಾರೂ ಗುಂಡ್ ಹೊಡಿಲ್ಲೆ. ಹೆಣ್ಣ್ ಗೂಡೆ ಹುಟ್ಟಿದಂತ ಕೋವಿ ಗೋಡೇಲೇ ಇತ್ತ್. ನಾ ಒಳಗೆ ಮಲಗಿ ಕಾದೆ, ಕೇಳ್ತಾಂತ ಕಾದೆ." ಅವಳು ಬಿಳಿ ಬಟ್ಟೆಯವನ ಹೆಗಲು ಹಿಡಿದು ಉಸಿರು ಎಳೆದುಕೊಂಡಳು. "ಇಂದ್ ಅವ್ಳೇ ಹೊಡೀಲಿ. ನಾ ಕೇಳೊಕು."

ನಾಣಯ್ಯ ಕೈ ಹಿಂದಕ್ಕೆ ತೆಗೆದ.

ಬೊಳ್ಳಮ್ಮ ಗದ್ದೆಯ ನಡುವಿಗೆ ನಡೆದಳು. ಕಾಲು ಅಗಲಿಸಿ ನಿಂತಳು, ಕಲಿತ ಹಾಗೆ. ಮೂತಿ ಎತ್ತಿದಳು. ಕೋವಿ ಹಾರಿತು. ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು, ಅದರ ಹಿಂದೆ ಇನ್ನೊಂದು ಬರಲಿಲ್ಲ. ಹೊಳೆಯಾಚೆಯ ಸಾಲು ನಿಂತಿತು. ಸ್ವಲ್ಪ ಹೊತ್ತು ಕಾದು, ಒಬ್ಬೊಬ್ಬರಾಗಿ ತಲೆಯ ಮೇಲಿನ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡರು. ಕೆಲವರು ಮನೆಗೆ ತಿರುಗಿದರು. ಕೆಲವರು ಮಗು ನೋಡಿಕೊಂಡೇ ಹೋಗೋಣವೆಂದು ಇನ್ನೂ ಬೇಗ ಬೇಗ ಇಳಿದು ಬಂದರು. ಮಗು ಎಲ್ಲಿ ಎಂದು ಕೇಳಿದವರಿಗೆ ಜನ ನಲವತ್ತನಾಲ್ಕು ವರ್ಷದ, ಕೆಂಪು ಕೋಟಿನ ಬೊಳ್ಳಮ್ಮನನ್ನು ತೋರಿಸಿದರು. ತಂಗಮ್ಮ ಮಾತ್ರ ಕಣ್ಣು ಮುಚ್ಚಿ ಇನ್ನೂ ಕೇಳುತ್ತಲೇ ಇದ್ದಳು, ಸದ್ದು ಅಡಗಿದ ಮೇಲೂ.

ಸಂಜೆ ಬೊಳ್ಳಮ್ಮ ಕೋವಿ ಒರೆಸಿ, ಎಣ್ಣೆ ಹಚ್ಚಿ, ಜಿಂಕೆಯ ಕೊಂಬಿನ ಮೇಲಿಟ್ಟಳು. ಅವ್ವ ಒಳಗೆ ಯಮುನಳ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ನಾಣಯ್ಯ ಬಂದಾಗ ಬೊಳ್ಳಮ್ಮ ಬಾಗಿಲಲ್ಲೇ ನಿಂತಳು. ಹಾರಿಸಿ ತೋರಿಸಿದ್ದಾಯಿತು, ಇನ್ನೇನು ಹೊಸ ಮಾತು ತಂದಿದ್ದಾನೋ ಎಂದು ಅವನ ಮುಖ ನೋಡಿದಳು.

ಈ ಸಲ ಅವನು ಜಗಲಿಯಲ್ಲಿ ಕೂತ. ನೀರು ಕೇಳಿ ಕುಡಿದ. ಹೆಗಲ ಬಟ್ಟೆಯೊಳಗಿಂದ ಕಾಟಿಯ ಕೊಂಬಿನ ಮದ್ದಿನ ಬುರುಡೆ ತೆಗೆದು ಅವಳ ಮುಂದಿಟ್ಟ. ಅಂಗಳದ ಕಡೆ ನೋಡುತ್ತ ಹೇಳಿದ.

"ನಾ ಹೋದ ದಿನ ನೀನೇ ಬಂದ್ ಹೊಡಿಯೊಕು, ಬೊಳ್ಳಮ್ಮ. ನನ್ನ ಮಕ್ಕಳ ಕೈಲಿ ಆದಿಲ್ಲೆ. ಒಂದ್ ಹಾರಿ ಇನ್ನೊಂದ್ ಟುಸ್ ಅಂದ್ರೆ, ಹೈದ ಹುಟ್ಟಿತ್ ಅಂತ ಜನ ಬೆಲ್ಲ ಹಿಡ್ಕಂಡ್ ಬಂದವೆ."

ಅವಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ. ನಾಣಯ್ಯನೂ ನಕ್ಕ. ನಗುತ್ತಲೇ ಅವಳು ಆಗಲಿ ಬಾವ ಎಂದಳು, ಬುರುಡೆ ಎತ್ತಿಕೊಂಡು ಒಳಗೆ ಹೋಗಿ ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿಯ ಪಕ್ಕದಲ್ಲಿಟ್ಟು, ಅವನಿಗೆ ಕಾಫಿ ಕಾಸಲು ಯಮುನಳನ್ನು ಕರೆದಳು.